ಗಲ್ಲಾ ಇಲ್ಲದ ವಿಶ್ವವಿದ್ಯಾಲಯ

ನನ್ನ ತಂಗಿಯ ಮಗಳಿಗೆ ಒಂದೇ ವಾರದಲ್ಲಿ ಎರಡು ವಿಶ್ವವಿದ್ಯಾಲಯಗಳು ಒಲಿದವು. ಎರಡೂ ಖಾಸಗಿ, ಎರಡೂ ಗಾಜಿನವು, ಎರಡೂ ಮನಶ್ಶಾಸ್ತ್ರ ಕಲಿಸುವಂಥವು. ಶುಲ್ಕದಲ್ಲಿ ಮುಕ್ಕಾಲು ಪಾಲು ವಿದ್ಯಾರ್ಥಿವೇತನವಾಗಿ ಬಿಟ್ಟೆವು, ಉಳಿದ ಕಾಲು ಪಾಲು ಕಟ್ಟಿ ಬನ್ನಿ ಎಂದು ಎರಡೂ ಒಂದೇ ಬಾಯಲ್ಲಿ ಹೇಳಿದ್ದವು. ಒಂದು ಮುಂಬೈಯ ವೆಸ್ಟರ್ನ್ ರೈಲು ಲೈನಿನ ಮಗ್ಗುಲಿಗೆ, ಇನ್ನೊಂದು ಹಾರ್ಬರ್ ಲೈನಿನ ಆ ತುದಿಗೆ. ನಾವು ಮುಲುಂಡಿನವರು, ಅಂದರೆ ಸೆಂಟ್ರಲ್ ಲೈನಿನ ಪ್ರಜೆಗಳು. ಸೆಂಟ್ರಲ್ ಲೈನಿನವರಿಗೆ ಉಳಿದ ಎರಡು ಲೈನುಗಳೂ ಸಮಾನವಾದ ಪರದೇಶಗಳಾದ್ದರಿಂದ ದೂರದ ಲೆಕ್ಕದಲ್ಲೂ ತೀರ್ಪು ಕೊಡುವಂತಿರಲಿಲ್ಲ. ಶುಕ್ರವಾರ ಸಂಜೆಯೊಳಗೆ ಒಂದನ್ನು ಒಪ್ಪಿಕೊಳ್ಳದಿದ್ದರೆ ಎರಡೂ ಕಡೆಯ ವಿದ್ಯಾರ್ಥಿವೇತನ ಸರದಿಯಲ್ಲಿ ಹಿಂದೆ ನಿಂತ ಮಕ್ಕಳ ಪಾಲಾಗುತ್ತಿತ್ತು.

ಸೋಮವಾರ ಬೆಳಿಗ್ಗೆ ತಂಗಿ ಫೋನು ಮಾಡಿ, "ಅಣ್ಣ, ನೀನೇ ಬಂದು ಹೇಳ್ಕ್," ಎಂದಳು.

ನಾವು ಮೂಲತಃ ಕುಂದಾಪುರ ಕಡೆಯ, ತಾಯಿಯ ಕಡೆಯಿಂದ ವಂಶ ಎಣಿಸುವ ಅಳಿಯಕಟ್ಟಿನವರು. ನಮ್ಮಲ್ಲಿ ಶಾಸ್ತ್ರಕ್ಕೆ ಸೋದರಮಾವನೇ ಯಜಮಾನ. ಅವನನ್ನು ಕೇಳದೆ ಮಗುವಿಗೆ ಹೆಸರಿಡುವುದಿಲ್ಲ, ಹೆಣ್ಣು ಕೊಡುವುದಿಲ್ಲ. ಕೇಳಿದ ಮೇಲೆ ಅವನು ಏನು ಹೇಳಿದ ಎನ್ನುವುದು ಮಾತ್ರ ಅಷ್ಟೊಂದು ಮುಖ್ಯವಲ್ಲ. ರಾಜ್ಯಪಾಲರ ಹುದ್ದೆಯಂಥದು ಇದು: ಗೌರವ ಬಹಳ, ಕೆಲಸ ಸಹಿ ಹಾಕುವುದು. ಸಾಲದ್ದಕ್ಕೆ, ಇಡೀ ಆಯುಷ್ಯವನ್ನು ವಿಮಾ ಕಚೇರಿಯಲ್ಲಿ ಕಳೆದು ನಿವೃತ್ತನಾದ ನಾನು ನಮ್ಮ ಕುಟುಂಬದಲ್ಲಿ ಹೋಟೆಲು ನಡೆಸದ ಏಕೈಕ ಗಂಡಸು. ಆದ್ದರಿಂದ ವಿದ್ಯಾವಂತನೆಂದೂ ಹೆಸರಿತ್ತು.

ತಂಗಿಯ ಗಂಡ, ಅಂದರೆ ನನ್ನ ಭಾವ, ಮುಲುಂಡ್ ಸ್ಟೇಷನ್ನಿನ ಹತ್ತಿರ ಹೋಟೆಲು ಇಟ್ಟುಕೊಂಡವನು. ಹೋಟೆಲಿನವರ ಧರ್ಮಶಾಸ್ತ್ರದಲ್ಲಿ ಒಂದು ಸೂತ್ರವುಂಟು. ಅಡುಗೆಗೆ ಯಾರೂ ಆದೀತು, ಬಡಿಸಲು ಯಾರೂ ಆದೀತು, ಆದರೆ ದುಡ್ಡು ತೆಗೆದುಕೊಳ್ಳುವ ಗಲ್ಲಾದ ಮೇಲೆ ಕೂರಲು ಮನೆಯವರೇ ಆಗಬೇಕು. ಭಾವ ಬೆಳಿಗ್ಗೆ ಕೂರುತ್ತಿದ್ದ, ತಂಗಿ ಮಧ್ಯಾಹ್ನ. ಸಂಜೆಯ ಪಾಳಿಯು ಹುಡುಗಿ ಹತ್ತನೇ ತರಗತಿ ಮುಗಿಸಿದ ದಿನದಿಂದ ಅವಳ ಜನ್ಮಸಿದ್ಧ ಹಕ್ಕಾಗಿತ್ತು.

ನಾನು ಹೋದಾಗ ಅವಳು ಗಲ್ಲಾದ ಹಿಂದಿನ ಎತ್ತರದ ಸ್ಟೂಲಿನ ಮೇಲಿದ್ದಳು. ನಾನು ಎದುರಿನ ಮೇಜಿನಲ್ಲಿ ಚಹಾ ಹಿಡಿದು ಕೂತೆ.

"ಹೇಳು ಮಗಾ, ನಿನ್ನ ಮನಸ್ಸು ಯಾವ ಕಡೆ?"

"ಮಾಮಾ, ದೋನೋ ಸೇಮ್ ಇದೆ. ಫೀಸ್ ಸೇಮ್, ಸಿಲಬಸ್ ಸೇಮ್. ನಂಗೆ ಬಸ್ ಒಂದೇ ಬೇಕು..." ಅಷ್ಟರಲ್ಲಿ ಒಬ್ಬರು ಬಡಿಸೋಪು ಕೇಳಿದರು. ಅವಳು ನೋಡದೆಯೇ ಬಟ್ಟಲನ್ನು ಸರಿಸಿದಳು. "ಮುಝೇ ಐಸೀ ಜಗಹ್ ಬೇಕು ಮಾಮಾ, ಅಲ್ಲಿ ನಾನು ಯಾರಂತ ಯಾರಿಗೂ ಗೊತ್ತಿರಬಾರದು. ಇಲ್ಲಿ ಎಲ್ಲರೂ ಹೋಟೆಲ್‌ವಾಲೀ ಅಂತಾರೆ. ಸ್ಕೂಲಲ್ಲಿ ಟೀಚರ್ ಕೂಡ ಅಟೆಂಡೆನ್ಸ್ ತಗೊಂಡು ಇಡ್ಲಿ ಆರ್ಡರ್ ಕೊಡ್ತಿದ್ರು. ಮೂರು ವರ್ಷ ನಂಗೆ ಯಾರ ಟೇಬಲ್ ಮೇಲೆ ನೀರಿದೆ, ಯಾರ ಟೇಬಲ್ ಮೇಲೆ ಇಲ್ಲ ಅಂತ ನೋಡ್ದೆ ಊಟ ಮಾಡ್ಬೇಕು. ಬಸ್."

ಹೇಳುತ್ತಲೇ ಅವಳ ಕಣ್ಣು ನನ್ನ ಬೆನ್ನ ಹಿಂದಿನ ಮೇಜಿನ ಖಾಲಿ ಲೋಟಗಳಿಗೆ ಹೋಯಿತು. "ಪಾನೀ ದೇನಾ ಉಧರ್!" ಎಂದು ಕೂಗಿ, ತಲೆಯನ್ನು ಕೈಯಲ್ಲಿ ಹಿಡಿದುಕೊಂಡಳು.

ಅಪ್ಪನ ಎದುರು ಇದನ್ನು ಹೇಳುವ ಹಾಗಿರಲಿಲ್ಲ. ಭಾವನ ಪ್ರಕಾರ ಮನಶ್ಶಾಸ್ತ್ರದ ಪದವಿಯೇ ಒಂದು ಅಧಿಕಪ್ರಸಂಗ. "ಗಿರಾಕಿ ಮನಸ್ಸ್ ತಿಳಿಯುಕೆ ಡಿಗ್ರಿ ಎಂತಕೆ? ಗಲ್ಲಾದಲ್ಲಿ ಕೂತ್ರೆ ಸಾಕಲ್ದಾ?" ಎನ್ನುತ್ತಿದ್ದ. ಆದರೂ ಮಗಳಿಗೆ ಎರಡೂ ಕಡೆಯವರು ಶುಲ್ಕದ ಮುಕ್ಕಾಲು ಪಾಲು ಬಿಟ್ಟುಕೊಟ್ಟದ್ದು ಅವನಿಗೆ ಹೆಮ್ಮೆಯ ವಿಷಯವೇ. ಬಂದ ಗಿರಾಕಿಗಳಿಗೆಲ್ಲ ಅದನ್ನು ಬಿಲ್ಲಿನ ಜೊತೆಗೆ ಕೊಡುತ್ತಿದ್ದ.

ಮಂಗಳವಾರ ನಾನೂ ಹುಡುಗಿಯೂ ಎರಡು ವಿಶ್ವವಿದ್ಯಾಲಯಗಳ ಬಣ್ಣದ ಪುಸ್ತಿಕೆಗಳನ್ನು ಅಕ್ಕಪಕ್ಕ ಇಟ್ಟುಕೊಂಡು ಶಾಸ್ತ್ರೋಕ್ತವಾಗಿ ಹೋಲಿಸಿದೆವು. ಎರಡೂ ನಾಳಿನ ನಾಯಕರನ್ನು ರೂಪಿಸುತ್ತಿದ್ದವು. ಎರಡರ ಕುಲಪತಿಗಳೂ ಪುಸ್ತಕದ ಕಪಾಟಿನ ಮುಂದೆ ಕೈಕಟ್ಟಿ ನಿಂತಿದ್ದರು. ಎರಡರಲ್ಲೂ ಮರದ ಕೆಳಗೆ ಹುಲ್ಲಿನ ಮೇಲೆ ಕೂತು ಲ್ಯಾಪ್‌ಟಾಪನ್ನು ನೋಡಿ ನಗುತ್ತಿರುವ ಒಬ್ಬ ಹುಡುಗಿಯಿದ್ದಳು. ಕನ್ನಡಕ ಹಾಕಿ ನೋಡಿದೆ. ಎರಡರಲ್ಲೂ ಒಬ್ಬಳೇ. ಅದೇ ಮೂಗು, ಅದೇ ಕಿವಿಯ ಓಲೆ.

"ಮಾಮಾ, ಇವಳು ದೋನೋ ಕಡೆ ಅಡ್ಮಿಷನ್ ತಗೊಂಡಿದ್ದಾಳೆ," ಎಂದಳು ನನ್ನ ಸೋದರಸೊಸೆ. "ಇವಳಿಗೆ ಯಾವ ಮಾಮಾ ಹೆಲ್ಪ್ ಮಾಡಿದ್ರು?"

ಹೀಗೆ ನನ್ನ ವಿಚಾರಣೆ ಮೊದಲ ದಿನವೇ ಬಿದ್ದುಹೋಯಿತು. ಆಗ ಭಾವ ರಂಗಕ್ಕೆ ಬಂದ.

"ಪುಸ್ತಕ ಕಂಡ್ರೆ ಎಂತ ಗೊತ್ತಾತ್ತ್ ಭಾವಯ್ಯ? ಹೋಯಿ ಕಾಂಬ. ಪಾತ್ರೆ ತೊಳೂ ಜಾಗ ಕಂಡ್ರೆ ಮಾಲೀಕ ಎಂಥವ ಅಂದೇಳಿ ಗೊತ್ತಾಯಿ ಬಿಡತ್ತ್."

"ಅದು ಹೋಟೆಲಲ್ಲ, ವಿಶ್ವವಿದ್ಯಾಲಯ," ಎಂದೆ.

"ಅಲ್ಲಿ ಮಕ್ಕಳ್ ಉಣ್ಣುದಿಲ್ಯಾ?"

ನಾನು ಪುಸ್ತಿಕೆಗಳನ್ನು ಮಡಚಿಟ್ಟೆ.

ಬುಧವಾರ ದಾದರಿನಲ್ಲಿ ಗಾಡಿ ಬದಲಿಸಿ ವೆಸ್ಟರ್ನ್ ಲೈನಿನ ವಿಶ್ವವಿದ್ಯಾಲಯಕ್ಕೆ ಹೋದೆವು. ಇಸ್ತ್ರಿ ಮಾಡಿದ ಒಬ್ಬ ಯುವಕ ನಮ್ಮನ್ನು ಪ್ರಯೋಗಾಲಯ, ಸಭಾಂಗಣ, ಈಜುಕೊಳಗಳ ಕಡೆ ನಡೆಸಿದ. ಭಾವ ಎಲ್ಲದಕ್ಕೂ ತಲೆಯಾಡಿಸಿ, ಎಲ್ಲದರ ಕೊನೆಗೆ "ಔರ್ ಕ್ಯಾಂಟೀನ್?" ಎನ್ನುತ್ತಿದ್ದ. ಕ್ಯಾಂಟೀನನ್ನು ಯಾವುದೋ ದೊಡ್ಡ ಕಂಪನಿ ನಡೆಸುತ್ತಿತ್ತು. ಅಡುಗೆಯವರ ತಲೆಗೆ ಟೊಪ್ಪಿ, ಕೈಗೆ ಗವಸು. ಪಾತ್ರೆ ತೊಳೆಯುವ ಜಾಗ ನಮ್ಮ ಮನೆಯ ದೇವರ ಕೋಣೆಗಿಂತ ಚೊಕ್ಕಟವಾಗಿತ್ತು. ಭಾವ ಇಡ್ಲಿ ತಿಂದ, ಉಪ್ಪಿಟ್ಟು ತಿಂದ, ಸಾಂಬಾರನ್ನು ಚಮಚದಲ್ಲಿ ಎತ್ತಿ ಬೆಳಕಿಗೆ ಹಿಡಿದು ನೋಡಿದ. ಮುಖ ಸಣ್ಣದಾಯಿತು.

"ಎಂತಾಯ್ತು?"

"ತಪ್ಪೇ ಇಲ್ಲೆ ಭಾವಯ್ಯ. ಹುಡ್ಕಿದ್ರೂ ಒಂದ್ ತಪ್ಪಿಲ್ಲೆ." ಚಮಚ ಕೆಳಗಿಟ್ಟು, "ಹೀಂಗಿದ್ದಲ್ಲಿ ಎಂತದೋ ಮೋಸ ಇತ್ತ್," ಎಂದು ಕೈತೊಳೆಯಲು ಎದ್ದ.

ಹುಡುಗಿಯನ್ನು ಕೇಳಿದೆ. "ಓಕೆ ಇದೆ ಮಾಮಾ," ಎಂದಳು. ಹದಿನೆಂಟರ ಹುಡುಗಿಯೊಬ್ಬಳು ಓಕೆ ಎಂದರೆ ಅದು ಹೌದೂ ಅಲ್ಲ, ಅಲ್ಲವೂ ಅಲ್ಲ. ಉಪನಿಷತ್ತುಗಳು ಇದನ್ನು ಬೇರೆ ಮಾತಿನಲ್ಲಿ ಹೇಳಿವೆ.

ಗುರುವಾರ ಕುರ್ಲಾದಲ್ಲಿ ಗಾಡಿ ಬದಲಿಸಿ ಹಾರ್ಬರ್ ಲೈನಿನ ತುದಿಗೆ ಹೋದೆವು. ಇಲ್ಲಿ ನಮ್ಮನ್ನು ನಡೆಸಲು ಯಾರೂ ಬರಲಿಲ್ಲ. ಕಾವಲುಗಾರ ಕೈ ತೋರಿಸಿದ ದಿಕ್ಕಿಗೆ ನಾವೇ ನಡೆದೆವು. ಭಾವ ಒಗ್ಗರಣೆಯ ವಾಸನೆ ಬಂದ ಕಡೆ ತಿರುಗಿದ. ನಾನೂ ಸೊಸೆಯೂ ಮನಶ್ಶಾಸ್ತ್ರ ವಿಭಾಗವನ್ನು ಹುಡುಕುತ್ತ ಮೂರನೆಯ ಮಾಳಿಗೆಯ ಒಂದು ಪಡಸಾಲೆಗೆ ಬಂದೆವು. ಅಲ್ಲಿ ನಡುವಯಸ್ಸಿನ ಒಬ್ಬ ಅಧ್ಯಾಪಕಿ ಬೆಂಚಿನ ಮೇಲೆ ಚಪ್ಪಲಿ ಬಿಚ್ಚಿ ಕಾಲು ಮಡಚಿ ಕೂತು ಬಾಳೆಹಣ್ಣು ತಿನ್ನುತ್ತಿದ್ದರು. ನಮ್ಮನ್ನು ಕಂಡು ಏಳಲಿಲ್ಲ. ಪಕ್ಕದಲ್ಲಿ ಕೂರಲು ಹೇಳಿ, ಮನುಷ್ಯರ ಬಗ್ಗೆ ಓದಬೇಕೆಂದು ನಿನಗೇಕೆ ಅನಿಸಿತು ಎಂದು ಹುಡುಗಿಯನ್ನು ಕೇಳಿದರು.

ಅವಳು ಬಾಯಿಪಾಠ ಮಾಡಿದ್ದ ಉತ್ತರವನ್ನು ಶುರು ಮಾಡಿ, ಅರ್ಧಕ್ಕೆ ನಿಲ್ಲಿಸಿ, ಬೇರೊಂದು ಹೇಳಿದಳು. ನಾಲ್ಕು ಜನ ಒಟ್ಟಿಗೆ ತಿಂದಾಗ ಬಿಲ್ಲು ಕೊಡುವ ಮನಸ್ಸಿಲ್ಲದವನು ಬಿಲ್ಲು ಬರುವ ಹೊತ್ತಿಗೆ ಸರಿಯಾಗಿ ಕೈ ತೊಳೆಯಲು ಹೋಗುತ್ತಾನೆ. ಕೊಡುವವನ ಕೈ ಆಗಲೇ ಒಣಗಿರುತ್ತದೆ. ಆದರೆ ತಾನು ಕೊಡುವವನಲ್ಲ ಎನ್ನುವುದು ಹೋದವನಿಗೂ ಗೊತ್ತಿರುವುದಿಲ್ಲ, ಕೈ ನಿಜವಾಗಿಯೂ ಅಂಟುತ್ತಿದೆ ಎಂದೇ ಅವನು ನಂಬಿರುತ್ತಾನೆ ಎಂದಳು.

ಅಧ್ಯಾಪಕಿ ಬಾಳೆಹಣ್ಣು ತಿನ್ನುವುದನ್ನು ನಿಲ್ಲಿಸಿದರು. "ಔರ್?" ಎಂದರು.

ಅವಳು ಇನ್ನೊಂದು ಹೇಳಿದಳು. ಅವರು ಮತ್ತೆ "ಔರ್?" ಎಂದರು. ಇದನ್ನೆಲ್ಲ ಎಲ್ಲಿ ನೋಡಿದೆ ಎಂದು ಕೇಳಲಿಲ್ಲ, ಅಪ್ಪ ಏನು ಮಾಡುತ್ತಾರೆ ಎಂದೂ ಕೇಳಲಿಲ್ಲ. ನನ್ನನ್ನಂತೂ ಅವರು ಗೋಡೆಯ ಭಾಗವೆಂದೇ ತಿಳಿದಿದ್ದರು. ಮೆಟ್ಟಿಲು ಇಳಿಯುವಾಗ ಸೊಸೆ ನನ್ನ ತೋಳು ಹಿಡಿದು, "ಮಾಮಾ, ಯಹೀ. ಇದೇ," ಎಂದಳು. ಆಗ ಅವಳ ದನಿಯಲ್ಲಿ ಓಕೆ ಇರಲಿಲ್ಲ.

ನನ್ನ ಕರ್ತವ್ಯ ಇಷ್ಟು ಸುಲಭವಾಗಿ ಮುಗಿಯಿತಲ್ಲ ಎಂಬ ಸಮಾಧಾನದಲ್ಲಿ ಭಾವನನ್ನು ಹುಡುಕಿಕೊಂಡು ಕ್ಯಾಂಟೀನಿಗೆ ಹೋದೆವು. ಅಲ್ಲಿ ಮಕ್ಕಳ ಗುಂಪು ಕವಿದಿತ್ತು. ಜಗಳವೋ ಎಂದು ನುಗ್ಗಿ ನೋಡಿದರೆ ಕೌಂಟರಿನ ಆಚೆ, ಕಾವಲಿಯ ಮುಂದೆ, ಅಂಗಿಯ ತೋಳು ಮಡಚಿಕೊಂಡು ನಮ್ಮ ಭಾವ ದೋಸೆ ಎರೆಯುತ್ತಿದ್ದ.

ನಡೆದದ್ದು ಇಷ್ಟು. ಅವನು ಒಂದು ದೋಸೆ ಹೇಳಿದ್ದ. ಬಂದದ್ದು ಕಡತದ ರಟ್ಟಿನಂತಿತ್ತು. ಯಾರು ಮಾಡಿದ್ದೆಂದು ನೋಡಲು ಒಳಗೆ ಹೋದ. ಕಾವಲಿ ಸರಿಯಾಗಿ ಕಾದಿಲ್ಲವೆಂದು ಹೇಳಿದ. ಹೇಳಿದ್ದು ಅರ್ಥವಾಗಲಿಲ್ಲವೆಂದು ತೋರಿಸಿದ. ತೋರಿಸಲು ಹಿಡಿದ ಸೌಟನ್ನು ಆಮೇಲೆ ಕೆಳಗಿಡಲಾಗಲಿಲ್ಲ. ಅವನ ಪಕ್ಕದಲ್ಲಿ ಆಡಳಿತ ವಿಭಾಗದ ಅಧಿಕಾರಿಯೊಬ್ಬರು ಟೈಯನ್ನು ಅಂಗಿಯ ಗುಂಡಿಗಳ ನಡುವೆ ಸಿಕ್ಕಿಸಿಕೊಂಡು ನಿಂತೇ ತಿನ್ನುತ್ತಿದ್ದರು.

"ಭಾವಯ್ಯ, ಬನ್ನಿ ಬನ್ನಿ!" ಎಂದು ಭಾವ ಅಲ್ಲಿಂದಲೇ ಕೂಗಿದ. "ಸಾಹೇಬ್ರ್ ಹೇಳ್ತಿದ್ರ್, ಈಗಿನ ಕಂತ್ರಾಟಿನವ ಬಿಟ್ಟ್ ಹೋತಿದ್ನಂಬ್ರ್. ಹೊಸ ಟರ್ಮಿಂದ ಕ್ಯಾಂಟೀನ್ ನಾನ್ ನಡ್ಸುಕಾತ್ತಾ ಅಂದೇಳಿ ಕೇಂಡ್ರ್. ನಾನ್ ಆಯ್ತ್ ಅಂದೆ!"

ಹುಡುಗಿ ನನ್ನ ತೋಳನ್ನು ಇನ್ನೂ ಹಿಡಿದೇ ಇದ್ದಳು. ಅವಳ ಉಗುರು ನನಗೆ ತಾಗಿತು.

ಮಗಳಿಗೆ ವಿಶ್ವವಿದ್ಯಾಲಯ ನೋಡಲು ಹೋಗಿ ಕ್ಯಾಂಟೀನು ಕಟ್ಟಿಕೊಂಡು ಬಂದ ತಂದೆ ಬೇರೆ ಯಾವ ಕುಲದಲ್ಲಾದರೂ ಹುಟ್ಟಿದ್ದಾನೆಯೇ, ನಾನರಿಯೆ. ಹಿಂದಿರುಗುವಾಗ ಹಾರ್ಬರ್ ಗಾಡಿಯಲ್ಲಿ ಅವನಿಗೆ ಕೂರಲು ಜಾಗ ಸಿಕ್ಕಿದರೂ ಕೂರಲಾಗಲಿಲ್ಲ. ಸರಳು ಹಿಡಿದು ನಿಂತು ಭವಿಷ್ಯವನ್ನು ಬಣ್ಣಿಸಿದ. "ಮಗಳೂ ಅಲ್ಲೇ, ಕ್ಯಾಂಟೀನೂ ಅಲ್ಲೇ! ದೇವ್ರೇ ಮಾಡಿದ್ದ್ ಕಾಣಿ. ಇನ್ನ್ ಯೋಚ್ನಿ ಮಾಡುಕೆ ಎಂತ ಇತ್ತ್? ಕ್ಲಾಸಿಗೂ ಕ್ಲಾಸಿಗೂ ಮಧ್ಯ ಖಾಲಿ ಇಪ್ಪತ್ತಿಗೆ ಗಲ್ಲಾದಲ್ಲಿ ಕೂಕಂಡ್ರಾಯ್ತ್. ಟೈಮ್ ವೇಸ್ಟ್ ಆಪ್ದಿಲ್ಲೆ!"

ಹುಡುಗಿ ಕಿಟಕಿಯ ಆಚೆಗೆ, ಸಮುದ್ರದ ಹಿನ್ನೀರು ನುಗ್ಗುವ ಖಾಡಿಯ ಕೆಸರಿನ ಕಡೆಗೆ ನೋಡುತ್ತಿದ್ದಳು. ಕುರ್ಲಾದ ಮೇಲ್ಸೇತುವೆಯಲ್ಲಿ, ಅಪ್ಪ ಜನರ ನಡುವೆ ಮುಂದೆ ಹೋದಾಗ, ನನಗೆ ಮಾತ್ರ ಕೇಳಿಸುವಂತೆ ಹೇಳಿದಳು: "ನಾನು ವೆಸ್ಟರ್ನ್ ತಗೋತೀನಿ ಮಾಮಾ. ಛೋಡೋ, ಬಿಡಿ."

"ಆ ಅಧ್ಯಾಪಕಿ?"

ಮೇಲ್ಸೇತುವೆಯ ಮೇಲೆ ಅಳುವುದಕ್ಕೆ ಮುಂಬೈಯಲ್ಲಿ ಜಾಗವಿಲ್ಲ. ನಿಂತರೆ ಹಿಂದಿನವರು ಬೈಯುತ್ತಾರೆ. ಅವಳು ನಡೆಯುತ್ತಲೇ ಮೂಗು ಒರೆಸಿಕೊಂಡಳು.

ಶುಕ್ರವಾರ ನಾನು ಸೋದರಮಾವನ ಅಧಿಕಾರವನ್ನು ಚಲಾಯಿಸಲು ನಿರ್ಧರಿಸಿದೆ. ಮಧ್ಯಾಹ್ನ ಊಟವಾದ ಮೇಲೆ ತಂಗಿಯ ಮನೆಯ ಸೋಫಾದ ನಡುಭಾಗದಲ್ಲಿ ಕೂತು, ಗಂಟಲು ಸರಿಮಾಡಿಕೊಂಡು, ಭಾವನನ್ನು ಎದುರು ಕೂರಿಸಿ ಮಾತನಾಡಿದೆ. ಹಕ್ಕಿಯ ಮರಿ ಗೂಡು ಬಿಡುವ ವಿಚಾರ ಹೇಳಿದೆ. ಗುರುಕುಲಕ್ಕೆ ಹೋದ ರಾಜಕುಮಾರರ ಹಿಂದೆ ಅರಮನೆಯ ಅಡುಗೆಮನೆ ಹೋಗಲಿಲ್ಲವೆಂದು ಹೇಳಿದೆ. ವಿಮೆಯ ಭಾಷೆಯಲ್ಲಿ ಒಂದೇ ಕಡೆ ಎರಡು ಅಪಾಯಗಳನ್ನು ಇಡಬಾರದೆಂದೂ ಹೇಳಿದೆ. ಭಾವ ಕೈಕಟ್ಟಿಕೊಂಡು, ಹರಿಕಥೆ ಕೇಳುವವನ ಹಾಗೆ ತಲೆದೂಗುತ್ತ ಎಲ್ಲವನ್ನೂ ಕೇಳಿದ.

"ಭಾವಯ್ಯ ಹೇಳೂದ್ ಸಮ," ಎಂದ. "ನೂರಕ್ಕೆ ನೂರ್ ಸಮ."

ಆಮೇಲೆ ಫೋನು ತೆಗೆದು ದೊಡ್ಡ ಗ್ರೈಂಡರಿನವನ ಜೊತೆ ಮಾತಿಗಿಳಿದ.

ನಾನು ತಂಗಿಯ ಮುಖ ನೋಡಿದೆ. ಅವಳು ನನ್ನ ಮುಖ ನೋಡಿದಳು. ಅಷ್ಟರಲ್ಲಿ ಹುಡುಗಿ ಅಟ್ಟದ ಮೇಲಿನ ಡಬ್ಬಿಗಳ ನಡುವಿನಿಂದ ಒಂದು ಹಳೆಯ ಸ್ಟೀಲಿನ ಕ್ಯಾರಿಯರ್ ಇಳಿಸಿಕೊಂಡು ಬಂದು, ನಮ್ಮೆಲ್ಲರ ನಡುವೆ ನೆಲದ ಮೇಲೆ ಕೂತು, ಅದನ್ನು ಬಟ್ಟೆಯಿಂದ ಉಜ್ಜತೊಡಗಿದಳು. ಉಜ್ಜಿದ ಸದ್ದಿಗೆ ಭಾವ ಫೋನಿನ ಮೇಲೆ ಕೈ ಮುಚ್ಚಿ ಕೇಳಿದ.

"ಅದೆಂತಕೆ?"

"ಕಾಲೇಜಿಗೆ ಪಪ್ಪಾ. ಹಾರ್ಬರ್‌ವಾಲೇ ಕಾಲೇಜಿಗೆ. ರೋಜ್ ಮನೆಯಿಂದ ಡಬ್ಬಾ ತಗೊಂಡು ಹೋಗ್ತೀನಿ."

"ಡಬ್ಬಾ? ಅಲ್ಲಿ ನಮ್ದೇ ಕ್ಯಾಂಟೀನ್ ಇತ್ತಲ್ಲೆ!"

"ಹಾಂ. ಅದರ ಎದುರಿಗೆ ಬೆಂಚ್ ಇದೆ. ನಾನು ನೋಡಿದೀನಿ. ಅಲ್ಲಿ ಕೂತು ತಿಂತೀನಿ."

ಭಾವ ಗ್ರೈಂಡರಿನವನಿಗೆ ಆಮೇಲೆ ಮಾಡುತ್ತೇನೆಂದು ಹೇಳುವುದನ್ನೂ ಮರೆತು ಫೋನನ್ನು ತೊಡೆಯ ಮೇಲಿಟ್ಟ. ಹೋಟೆಲಿನವನನ್ನು ಬೈಯಬಹುದು, ಕಾಯಿಸಬಹುದು, ಅವನು ನಗುತ್ತಾನೆ. ಆದರೆ ಮಾಲೀಕನ ಮಗಳು ಮಾಲೀಕನ ಹೋಟೆಲಿನ ಮುಂದೆ ಕೂತು ಮನೆಯ ಡಬ್ಬಿ ಬಿಚ್ಚಿದಳೆಂದರೆ, ಆ ಹೋಟೆಲಿಗೆ ಬೀಗ ಹಾಕುವುದೊಂದೇ ಉಳಿದಿರುವುದು. ಒಳಗೆ ಏನು ಬೇಯುತ್ತಿದೆ ಎನ್ನುವುದು ಅವಳಿಗೇ ಗೊತ್ತಲ್ಲವೇ ಎಂದು ಊರು ತಿಳಿಯುತ್ತದೆ.

"ಜನ ಎಂತ ಹೇಳ್ತ್ರ್?" ಎಂದ ಕೊನೆಗೆ, ಬಹಳ ಸಣ್ಣ ದನಿಯಲ್ಲಿ.

"ನಾನು ನಿಮ್ಮ ಮಗಳು ಅಂತ ಜನಕ್ಕೆ ಗೊತ್ತಿದ್ರೆ ಹೇಳ್ತಾರೆ. ಗೊತ್ತೇ ಇಲ್ಲ ಅಂದ್ರೆ?" ಅವಳು ಉಜ್ಜುವುದನ್ನು ನಿಲ್ಲಿಸಿದಳು. "ನಾನು ಕ್ಯಾಂಟೀನಲ್ಲೇ ತಿಂತೀನಿ ಪಪ್ಪಾ, ಕೂಪನ್ ತಗೊಂಡು, ಎಲ್ಲರ ಹಾಗೆ. ಆದ್ರೆ ಗಲ್ಲಾದಲ್ಲಿ ಕೂರೋದಿಲ್ಲ. ಅಲ್ಲಿ ನಿಮಗೆ ನನ್ನ ಗುರ್ತಾ ಇಲ್ಲ, ನಂಗೆ ನಿಮ್ಮ ಗುರ್ತಾ ಇಲ್ಲ. ಇಲ್ಲಿ ಗಲ್ಲಾ ಸಂಡೇ ಮಾತ್ರ."

"ಹೆತ್ತ ಮಗಳ ಗುರ್ತ ಇಲ್ಲೆ ಅಂದೇಳುದಾ?"

ಈಗ ತಂಗಿ ಬಾಯಿ ಹಾಕಿದಳು. "ಅದೆಂತ ನಿಮ್ಗೆ ಕಷ್ಟ?" ಎಂದಳು. "ಬಿಲ್ಡಿಂಗ್ ಸೊಸೈಟಿ ಮೀಟಿಂಗಿಗೆ ಕರೂಕೆ ಬಂದವ್ರಿಗೆ, ಬಾಗ್ಲ್ ಹಿಂದೆ ನಿಂತ್ಕಂಡ್ ನೀವೇ ಹೇಳಿದ್ದಿಲ್ಯಾ, ಅವ್ರ್ ಮನೇಲಿಲ್ಲೆ ಅಂದೇಳಿ?"

ಭಾವ ಈ ಪೂರ್ವನಿದರ್ಶನವನ್ನು ಅಲ್ಲಗಳೆಯಲಾರದೆ ಗೋಡೆ ಗಡಿಯಾರ ನೋಡಿದ. ಗಡುವು ಹತ್ತಿರವಾಗಿತ್ತು.

"ಹಾಂಗಾರೆ ಅಲ್ಲಿ ಗಲ್ಲಾದಲ್ಲಿ ಕೂಪ್ದ್ ಯಾರ್? ನಾನಿಲ್ಲಿ, ಇವ್ಳಿಲ್ಲಿ. ಮನೆಯವ್ರೇ ಆಯ್ಕಲ್ದಾ?"

ಮೂವರೂ ನಾನು ಕೂತಿದ್ದ ಸೋಫಾದ ನಡುಭಾಗವನ್ನೇ ನೋಡುತ್ತಿದ್ದಾರೆಂದು ನನಗೆ ತಿಳಿಯಿತು.

"ನನಗೆ ಲೆಕ್ಕ ಅಷ್ಟು..." ಎಂದೆ.

"ಮಾಮಾ, ಪ್ಲೀಸ್," ಎಂದಳು ಹುಡುಗಿ.

ಅಳಿಯಕಟ್ಟಿನ ಇತಿಹಾಸದಲ್ಲಿ ಸೋದರಮಾವನ ಮಾತು ಜಾರಿಗೆ ಬಂದ ಉದಾಹರಣೆಗಳು ವಿರಳ. ಸೋದರಮಾವನೇ ಜಾರಿಗೆ ಬಂದದ್ದು ಬಹುಶಃ ಇದೇ ಮೊದಲು. ನಾನು ಹೂಂ ಎಂದೆ.

ಅವಳು ಕೂತಲ್ಲಿಯೇ ಮೊಬೈಲು ತೆಗೆದು ಹಾರ್ಬರ್ ಲೈನಿನ ವಿಶ್ವವಿದ್ಯಾಲಯವನ್ನು ಒತ್ತಿದಳು. ಒಟಿಪಿ ಅಪ್ಪನ ಫೋನಿಗೆ ಬರಬೇಕಿತ್ತು. ಅಷ್ಟರಲ್ಲಿ, ಇಷ್ಟು ಹೊತ್ತೂ ತೊಡೆಯ ಮೇಲೆ ಕಾದಿದ್ದ ಗ್ರೈಂಡರಿನವನು ಆ ಕಡೆಯಿಂದ "ಹಲೋ, ಶೇಟ್, ಹಲೋ" ಎಂದದ್ದು ಕೇಳಿ ಭಾವ ಫೋನನ್ನು ಕಿವಿಗೆ ಹಿಡಿದು ದರದ ಚರ್ಚೆ ಶುರು ಮಾಡಿದ. "ಪಪ್ಪಾ, ಒಟಿಪಿ!" ಎಂದು ಅವಳು ಕೂಗುತ್ತಾಳೆ, ಇವನು "ಒಂದ್ ನಿಮ್ಷ, ಇವ ಕಮ್ಮಿ ಮಾಡ್ತಿದ್ದ" ಎಂದು ಕೈ ತೋರಿಸುತ್ತಾನೆ. ಕೊನೆಗೆ ತಂಗಿ ಅವನ ಕಿವಿಯಿಂದ ಫೋನು ಕಿತ್ತು ಅಂಕಿಗಳನ್ನು ಗಟ್ಟಿಯಾಗಿ ಓದಿದಳು. ಉನ್ನತ ಶಿಕ್ಷಣವು ನಮ್ಮ ಮನೆಯನ್ನು ಹೀಗೆ ಪ್ರವೇಶಿಸಿತು.

ಈಗ ನಾನು ಬೆಳಗಿನ ಗಾಡಿ ಹಿಡಿದು, ಕುರ್ಲಾದಲ್ಲಿ ಬದಲಿಸಿ, ವಿಶ್ವವಿದ್ಯಾಲಯಕ್ಕೆ ಹೋಗುತ್ತೇನೆ. ಸೊಸೆ ಅದೇ ಗಾಡಿಯ ಲೇಡೀಸ್ ಡಬ್ಬಿಯಲ್ಲಿರುತ್ತಾಳೆ. ನಾವು ಒಟ್ಟಿಗೆ ಇಳಿಯುತ್ತೇವೆ, ಬೇರೆ ಬೇರೆಯಾಗಿ ನಡೆಯುತ್ತೇವೆ. ಮಧ್ಯಾಹ್ನ ಅವಳು ನಾಲ್ಕೈದು ಗೆಳತಿಯರ ಜೊತೆ ಸರದಿಯಲ್ಲಿ ಬಂದು "ಅಂಕಲ್, ಏಕ್ ಇಡ್ಲಿ" ಎನ್ನುತ್ತಾಳೆ. ನಾನು ಕೂಪನ್ ಹರಿದು, ಚಿಲ್ಲರೆ ಎಣಿಸಿ, ಮುಂದಿನವರ ಕಡೆ ನೋಡುತ್ತೇನೆ. ಎತ್ತಿ ಆಡಿಸಿದ ಮಗುವಿನಿಂದ ಅಂಕಲ್ ಎನಿಸಿಕೊಳ್ಳುವುದು ಮೊದಮೊದಲು ಮೈಗೆ ಹತ್ತಲಿಲ್ಲ. ಆಮೇಲೆ ಅಭ್ಯಾಸವಾಯಿತು. ಕಂಬದ ಆಚೆಯ ಮೇಜಿನಲ್ಲಿ ಅವಳು ಬಾಯಿತುಂಬ ತುತ್ತು ಇಟ್ಟುಕೊಂಡು ನಗುವಾಗ ಪಕ್ಕದ ಮೇಜಿನ ಲೋಟಗಳು ಖಾಲಿಯಿರುತ್ತವೆ. ಅವಳು ಅತ್ತ ತಿರುಗುವುದಿಲ್ಲ. ನೀರು ಹೇಳುವವನು ನಾನು.

ಮೊನ್ನೆ ಅವಳು ತಿಂದ ತಟ್ಟೆಯನ್ನೇ ಹಿಡಿದು ಗಲ್ಲಾಕ್ಕೆ ಬಂದಳು. ಹಿಂದೆ ಗೆಳತಿಯರು.

"ಅಂಕಲ್, ಯೇ ಚಟ್ನೀ ಹೈ ಕ್ಯಾ? ಪೂರಾ ಪಾನೀ ಹೈ!"

"ಹೇಳ್ತೇನೆ ಮೇಡಂ," ಎಂದೆ, ಹಿಂದಿಯಲ್ಲಿ.

ಭಾನುವಾರ ತಂಗಿಯ ಮನೆಯಲ್ಲಿ ನಾವೆಲ್ಲ ಊಟಕ್ಕೆ ಕೂತಿದ್ದೆವು. ಭಾವ ವಾರದ ವರದಿ ಕೇಳಿದ. ಕಂಪ್ಲೇಂಟು ಏನಾದರೂ ಇತ್ತೇ?

"ಒಬ್ಬಳು ಚಟ್ನಿ ನೀರಾಗಿದೆ ಅಂದಳು," ಎಂದೆ.

ಭಾವನ ತುತ್ತು ಅರ್ಧದಲ್ಲಿ ನಿಂತಿತು. "ಯಾರ್ ಅದ್?"

ನನ್ನ ಎದುರಿನ ತಟ್ಟೆಯ ಮೇಲೆ ಬಾಗಿದ್ದ ತಲೆ ಅಲುಗಲಿಲ್ಲ.

"ಗುರುತಿಲ್ಲ," ಎಂದೆ. "ಯಾರೋ ವಿದ್ಯಾರ್ಥಿನಿ."

"ಈಗಿನ ಮಕ್ಕಳಿಗೆ ಚಟ್ನಿ ಅಂದ್ರೆ ಎಂತ ಗೊತ್ತಿತ್ತ್ ಮಾರ್ರೆ? ಮನೇಲಿ ಅಪ್ಪ ಅಮ್ಮ ಸಮಾ ಕಲ್ಸಿದ್ರಲ್ದಾ!"

ತಂಗಿಗೆ ನೆತ್ತಿಗೆ ಹತ್ತಿ ಕೆಮ್ಮು ಬಂತು. ಹುಡುಗಿ ಅಮ್ಮನ ಕಡೆ ನೀರಿನ ಲೋಟ ಸರಿಸಿ, ಮತ್ತೆ ತನ್ನ ಅನ್ನಕ್ಕೆ ತಿರುಗಿದಳು. ಭಾವ ಅರ್ಧದಲ್ಲಿ ನಿಂತಿದ್ದ ತುತ್ತನ್ನು ನುಂಗಿದ. ಆಮೇಲೆ ಗೊಣಗಿದ: "ಆದ್ರೂ ಹೇಳಿತಲ್ದಾ ಹೆಣ್ಣ್. ನಾಳೆಯಿಂದ ಕಾಯಿ ಜಾಸ್ತಿ ಹಾಕುಕೆ ಹೇಳ್ತೆ. ಅದ್ ಯಾರ್ ಅಂದೇಳಿ ಕಂಡ್ ಇಡಿ ಭಾವಯ್ಯ, ಮತ್ತ್ ಬಂದ್ರೆ ಸರಿ ಆಯ್ತಾ ಅಂದೇಳಿ ಕೇಣಿ."

"ಕೇಳ್ತೇನೆ," ಎಂದೆ.